ಕೆಲಸ ಹೋದವರಿಗೆ ಯುಎಸ್‌ಸಿಐಎಸ್ ಜಾಲತಾಣ: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಎಚ್-1ಬಿಯಲ್ಲಿ, ಅಂದರೆ ಕಂಪನಿ ಹಾಕಿಸಿಕೊಡುವ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದು, ಅದೇ ಕಂಪನಿಯ ಮೂಲಕ ಗ್ರೀನ್ ಕಾರ್ಡ್‌ಗೆ ಹಾಕಿಸಿಕೊಂಡು, ಅದು ಕೈಗೆ ಬರುವ ಮೊದಲೇ ಲೇಆಫ್ ಆದವರು ಅಂದೇ ಸಂಜೆ ತಡಕಾಡುವುದು ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್‌ನ ಜಾಲತಾಣವನ್ನು. ಅಲ್ಲಿ ಸೇವೆಗಳು ಹತ್ತಾರಿವೆ. ಕೆಲಸ ಹೋದವರಿಗೆ ನಿಜವಾಗಿ ಬೇಕಾಗುವುದು ಐದು: ಮುಂದಿನ ದಾರಿಗಳನ್ನು ವಿವರಿಸುವ ಪುಟ, ಕೇಸ್ ಸ್ಟೇಟಸ್, ಕಡತದ ಪ್ರತಿ ತರಿಸಿಕೊಳ್ಳುವ ಫೋಯಾ ವಿಭಾಗ, ವೀಸಾ ವರ್ಗ ಬದಲಿಸಿಕೊಳ್ಳುವ ಐ-539 ಆನ್‌ಲೈನ್ ಅರ್ಜಿ ಮತ್ತು ಕಾಂಟ್ಯಾಕ್ಟ್ ಸೆಂಟರ್. ಕೆಲಸ ಹೋದ ಮೇಲೆ ಅಮೆರಿಕದಲ್ಲಿರಲು ಸಿಗುವ 60 ದಿನದ ಗಡುವು ತಲೆಯ ಮೇಲಿರುವವರಿಗೆ ಈ ಐದು ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತವೆ ಎಂಬುದಷ್ಟೇ ಇಲ್ಲಿನ ವಿಚಾರ.

ಮೊದಲೇ ಹೇಳಿಬಿಡುವುದಾದರೆ, ಈ ಜಾಲತಾಣವನ್ನು ಕಟ್ಟಿರುವುದು ಅರ್ಜಿದಾರರಿಗಾಗಿ. ಗ್ರೀನ್ ಕಾರ್ಡಿನ ಮೊದಲ ಎರಡು ಹಂತಗಳಾದ ಪರ್ಮ್ (ಕಾರ್ಮಿಕ ಇಲಾಖೆಯ ಒಪ್ಪಿಗೆ) ಮತ್ತು ಐ-140 (ಯುಎಸ್‌ಸಿಐಎಸ್‌ಗೆ ಹಾಕುವ ಇಮಿಗ್ರೆಂಟ್ ಪೆಟಿಷನ್) ಎರಡರಲ್ಲೂ ಅರ್ಜಿದಾರ ಕಂಪನಿ. ನೌಕರ ಬರೀ ಫಲಾನುಭವಿ. ಯಾರ ಸಂಸಾರ ಆ ಕಡತದ ಮೇಲೆ ನಿಂತಿದೆಯೋ ಅವರಿಗೇ ಕಡತ ಕಾಣುವುದಿಲ್ಲ. ಈ ಕೊರತೆಯನ್ನು ಒಂದಿಷ್ಟು ತುಂಬುವ ಫೋಯಾಕ್ಕೆ ಮತ್ತು ನಮ್ಮ ಹೆಸರಿನಲ್ಲೇ ಹಾಕಬಹುದಾದ ಐ-539ಕ್ಕೆ ಒಳ್ಳೆಯ ಅಂಕ. ಕೇಸ್ ಸ್ಟೇಟಸ್ ಕಾವಲಿಗೆ ಸಾಕು, ತಿಳಿವಳಿಕೆಗೆ ಸಾಲದು. ಚಾಟ್ ಸಹಾಯಕಿ ಎಮ್ಮಾ ಬಗ್ಗೆ ಮುಂದೆ ಎರಡು ಸಾಲು ಬರುತ್ತದೆ. ಅದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಯಾವ ಹಂತ?

ತೆರೆದ ಕೂಡಲೇ ಕೇಳಬೇಕಿದ್ದ ಪ್ರಶ್ನೆಯೊಂದನ್ನು ಜಾಲತಾಣ ಎಲ್ಲೂ ಕೇಳುವುದಿಲ್ಲ: ನಿಮ್ಮ ಗ್ರೀನ್ ಕಾರ್ಡ್ ಎಲ್ಲಿಗೆ ಬಂದು ನಿಂತಿದೆ? ಇದಕ್ಕೆ ಉತ್ತರ ಗೊತ್ತಿಲ್ಲದೆ ಒಳಗೆ ಓಡಾಡಿದರೆ ಬೇರೆ ಯಾರಿಗೋ ಬರೆದ ಮಾಹಿತಿಯನ್ನು ಓದಿಕೊಂಡು ಎದೆ ಹೊಡೆದುಕೊಳ್ಳುವುದೇ ಆಗುತ್ತದೆ.

ಪರ್ಮ್ ಇನ್ನೂ ಕಾರ್ಮಿಕ ಇಲಾಖೆಯಲ್ಲಿದ್ದರೆ ಅದು ಹೋಯಿತೆಂದೇ ಇಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಮುಂದೆ ಕೊಡಲಿರುವ ಕೆಲಸಕ್ಕೆ ಸಂಬಂಧಿಸಿದ್ದು, ಹಾಗಾಗಿ ಕಂಪನಿ ಮನಸ್ಸು ಮಾಡಿದರೆ ಕಾನೂನಿನಲ್ಲಿ ಮುಂದುವರಿಸಲು ಅವಕಾಶವಿದೆ. ಆದರೆ ಲೇಆಫ್ ಮಾಡಿದ ಕಂಪನಿ ಅದೇ ಪ್ರದೇಶದಲ್ಲಿ, ಅದೇ ಬಗೆಯ ಹುದ್ದೆಗೆ ಆರು ತಿಂಗಳೊಳಗೆ ಪರ್ಮ್ ಹಾಕಬೇಕಾದರೆ, ತಾನು ತೆಗೆದುಹಾಕಿದ ಅಮೆರಿಕನ್ ನೌಕರರಿಗೆ ಆ ಕೆಲಸದ ವಿಷಯ ತಿಳಿಸಿ ಅವರನ್ನು ಪರಿಗಣಿಸಬೇಕು. ಈ ತೊಡಕಿಗೆ ಅಂಜಿ ಉಳಿದವರ ಪರ್ಮ್‌ಗಳನ್ನೇ ನಿಲ್ಲಿಸುವ ಕಂಪನಿಗಳಿವೆ; ಹೋದವರದನ್ನು ಮುಂದಕ್ಕೆ ಒಯ್ಯುವುದು ದೂರದ ಮಾತು. ಪರ್ಮ್ ಒಪ್ಪಿಗೆಯಾಗಿ ಐ-140 ಹಾಕಿಲ್ಲದಿದ್ದರೂ ಕೈಗೇನೂ ಸಿಗದು. ಆ ಒಪ್ಪಿಗೆಯ ಆಯಸ್ಸು 180 ದಿನ, ಬಳಸಬಲ್ಲದ್ದು ಆ ಕಂಪನಿ ಮಾತ್ರ.

ಐ-140 ಒಪ್ಪಿಗೆಯಾಗಿದ್ದರೆ ಕಥೆ ಬೇರೆ, ಮತ್ತು ಅಲ್ಲೂ 180 ಎಂಬ ಸಂಖ್ಯೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. 2017ರ ಜನವರಿ 17ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಒಪ್ಪಿಗೆಯಾಗಿ 180 ದಿನ ಕಳೆದ ಮೇಲೆ ಕಂಪನಿ ಐ-140ಯನ್ನು ಹಿಂಪಡೆದರೂ ಒಪ್ಪಿಗೆ ತಾನಾಗಿ ರದ್ದಾಗುವುದಿಲ್ಲ. ಪ್ರಯಾರಿಟಿ ಡೇಟ್, ಅಂದರೆ ಗ್ರೀನ್ ಕಾರ್ಡ್ ಸರತಿಯಲ್ಲಿ ನಿಮ್ಮ ಜಾಗ ಹೇಳುವ ದಿನಾಂಕ, ಉಳಿಯುತ್ತದೆ; ಆ ಒಪ್ಪಿಗೆಯನ್ನು ತೋರಿಸಿ ಮುಂದಿನ ಕಂಪನಿಯಲ್ಲಿ ಸಾಮಾನ್ಯ ಮಿತಿಯಾದ ಆರು ವರ್ಷದಾಚೆಗೂ ಎಚ್-1ಬಿ ವಿಸ್ತರಿಸಿಕೊಳ್ಳುವ ಹಕ್ಕೂ ಉಳಿಯುತ್ತದೆ. 180 ದಿನ ತುಂಬುವ ಮೊದಲೇ ಹಿಂಪಡೆದರೆ ಒಪ್ಪಿಗೆ ರದ್ದು. ಆಗಲೂ ವಂಚನೆ, ಸುಳ್ಳು ಮಾಹಿತಿ, ಪರ್ಮ್ ರದ್ದತಿ ಅಥವಾ ಇಲಾಖೆಯದೇ ದೊಡ್ಡ ತಪ್ಪು ಕಾರಣವಲ್ಲದಿದ್ದರೆ ಪ್ರಯಾರಿಟಿ ಡೇಟ್ ನಿಮ್ಮದೇ. ಹೋಗುವುದು ಆರು ವರ್ಷದಾಚೆಯ ವಿಸ್ತರಣೆ. ಏಳನೆಯ ಅಥವಾ ಹತ್ತನೆಯ ವರ್ಷದಲ್ಲಿರುವವರಿಗೆ ಆ ವಿಸ್ತರಣೆಯೇ ಸರ್ವಸ್ವ.

ಆದ್ದರಿಂದ ಸೆವೆರೆನ್ಸ್ (ಕೆಲಸದಿಂದ ತೆಗೆದಾಗ ಕೊಡುವ ಪರಿಹಾರದ) ಮಾತುಕತೆಯಲ್ಲಿ ಎರಡು ವಾರದ ಸಂಬಳಕ್ಕೆ ಜಗ್ಗಾಡುವ ಮೊದಲು ಎಚ್‌ಆರ್‌ಗೆ ಒಂದು ಇಮೇಲ್ ಹಾಕಿ: ಐ-140ಯನ್ನು ಹಿಂಪಡೆಯಬೇಡಿ, ಹಿಂಪಡೆಯಲೇಬೇಕಿದ್ದರೆ 180ನೆಯ ದಿನ ಕಳೆಯಲಿ. ಎಚ್-1ಬಿಯನ್ನು ಹಿಂಪಡೆಯುವುದು ಕಂಪನಿಯ ಕರ್ತವ್ಯ, ಐ-140ಯನ್ನು ಹಿಂಪಡೆಯುವುದು ಕರ್ತವ್ಯವಲ್ಲ. ಎರಡನ್ನೂ ಒಂದೇ ಕಟ್ಟಿನಲ್ಲಿ ಕಳುಹಿಸುವ ಕಚೇರಿಗಳಿರುವುದರಿಂದ ಈ ವ್ಯತ್ಯಾಸವನ್ನು ಇಮೇಲ್‌ನಲ್ಲೇ ಬಿಡಿಸಿ ಬರೆಯುವುದು ಒಳ್ಳೆಯದು. ಐ-140 ಇನ್ನೂ ತೀರ್ಮಾನವಾಗದೆ ಇದ್ದರೆ ಹೆಚ್ಚಿನ ಶುಲ್ಕದ ತ್ವರಿತ ವಿಲೇವಾರಿಯಾದ ಪ್ರೀಮಿಯಂಗೆ ಬದಲಿಸಲು ಕಂಪನಿಯನ್ನು ಕೇಳಿ. ಹೆಚ್ಚಿನ ವರ್ಗಗಳಿಗೆ 15 ಕೆಲಸದ ದಿನಗಳಲ್ಲಿ ಇಲಾಖೆ ಒಂದು ಉತ್ತರ ಕೊಡುತ್ತದೆ.

ಡೇಟ್‌ಗೆ ಯಾಕಿಷ್ಟು ಬೆಲೆ ಎಂದು ಭಾರತೀಯರಿಗೆ ಹೇಳಬೇಕಿಲ್ಲ. ವರ್ಷಕ್ಕೆ ಉದ್ಯೋಗದ ಕೋಟಾ ಸುಮಾರು 1,40,000, ಒಂದು ದೇಶಕ್ಕೆ ಶೇ. 7ರ ಮಿತಿ. 2025ರ ಅಕ್ಟೋಬರ್ ವೀಸಾ ಬುಲೆಟಿನ್‌ನಲ್ಲಿ ಭಾರತದ ಇಬಿ-2 (ಉನ್ನತ ಪದವಿಯ ಉದ್ಯೋಗ ವರ್ಗ) ಸಾಲಿನ ಫೈನಲ್ ಆಕ್ಷನ್ ದಿನಾಂಕ 2013ರ ಏಪ್ರಿಲ್ 1ರಲ್ಲಿತ್ತು, ಅಂದರೆ ಅದಕ್ಕಿಂತ ಹಿಂದಿನ ಡೇಟ್ ಇದ್ದವರಿಗೆ ಮಾತ್ರ ಕಾರ್ಡ್ ಸಿಗುವ ಸರದಿ. 2014ರ ಡೇಟ್ ಇಟ್ಟುಕೊಂಡವರು ಅದನ್ನು ಕಳೆದುಕೊಂಡು 2026ರ ಡೇಟ್‌ನಿಂದ ಶುರು ಮಾಡುವುದೆಂದರೆ ಏನೆಂದು ನೀವೇ ಲೆಕ್ಕ ಹಾಕಿ.

ದಾರಿಗಳ ಪುಟ

ಕೆಲಸ ಕೊನೆಗೊಂಡ ನಾನ್‌ಇಮಿಗ್ರೆಂಟ್ (ತಾತ್ಕಾಲಿಕ ವೀಸಾದ) ನೌಕರರಿಗಿರುವ ಆಯ್ಕೆಗಳ ಬಗ್ಗೆ ಯುಎಸ್‌ಸಿಐಎಸ್ ಒಂದು ಪುಟವಿಟ್ಟಿದೆ. ಇಡೀ ಜಾಲತಾಣದಲ್ಲಿ ಸಾಮಾನ್ಯರಿಗೆ ಅರ್ಥವಾಗುವಂತೆ ಬರೆದಿರುವ ಕೆಲವೇ ಪುಟಗಳಲ್ಲಿ ಇದೊಂದು. ಬೇರೇನನ್ನೂ ಓದದಿದ್ದರೂ ಇದನ್ನು ಓದಿ. 60 ದಿನದ ಗ್ರೇಸ್ ಅವಧಿ ಹೇಗೆ ನಡೆಯುತ್ತದೆ, ಅಷ್ಟರಲ್ಲಿ ಏನೇನು ಹಾಕಬಹುದು, ಪ್ರವಾಸಿ ವರ್ಗವಾದ ಬಿ-2ನಲ್ಲಿದ್ದುಕೊಂಡು ಕೆಲಸ ಹುಡುಕಬಹುದೇ (ಹುಡುಕಬಹುದು, ಸಂದರ್ಶನಕ್ಕೂ ಹೋಗಬಹುದು, ಕೆಲಸ ಮಾತ್ರ ಮಾಡುವಂತಿಲ್ಲ) ಎಲ್ಲ ಇದೆ.

ಲೆಕ್ಕ ಹೀಗೆ. ಸಾಮಾನ್ಯವಾಗಿ ಸಂಬಳ ಸಂದಾಯವಾದ ಕೊನೆಯ ದಿನದ ಮರುದಿನದಿಂದ ಎಣಿಕೆ ಶುರು. ಕೊನೆಯ ದಿನ ಮಾರ್ಚ್ 14 ಆದರೆ ಮಾರ್ಚ್ 15 ಮೊದಲನೆಯ ದಿನ, ಮೇ 13 ಅರವತ್ತನೆಯ ದಿನ. ಶನಿವಾರ, ಭಾನುವಾರ, ರಜೆ ಎಲ್ಲ ಸೇರಿಯೇ. ಸೆವೆರೆನ್ಸ್ ಹಣ ಆಮೇಲೆ ಬಂದರೂ ಎಣಿಕೆ ಮುಂದಕ್ಕೆ ಹೋಗದು. ಕೆಲಸವಿಲ್ಲದೆ ಸಂಬಳ ಮಾತ್ರ ಬರುವ ನೋಟಿಸ್ ಅವಧಿಯ ವಿಷಯದಲ್ಲಿ ವಕೀಲರೊಳಗೇ ಒಮ್ಮತವಿಲ್ಲ. ಸಾಧ್ಯವಾದರೆ ಕೆಲಸ ನಿಂತ ದಿನದಿಂದಲೇ ಎಣಿಸಿಕೊಂಡು ಓಡುವುದು ಕ್ಷೇಮ. 60 ಎನ್ನುವುದು ಗರಿಷ್ಠ ಮಿತಿ, ಮತ್ತು ಅದನ್ನು ಮೊಟಕು ಮಾಡುವ ವಿವೇಚನೆ ಇಲಾಖೆಗಿದೆ.

ಪುಟದ ದೊಡ್ಡ ಕೊರತೆ ಎಂದರೆ ಹಿಂದಿನಿಂದ ಎಣಿಸಿಕೊಂಡು ಬರುವುದನ್ನು ಅದು ಕಲಿಸುವುದಿಲ್ಲ. ಹೊಸ ಕಂಪನಿ ನಿಮ್ಮ ಎಚ್-1ಬಿ ಹಾಕಬೇಕಾದರೆ ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ (ಸಂಬಳ, ಕೆಲಸದ ಷರತ್ತುಗಳ ದೃಢೀಕರಣ) ಬರಬೇಕು, ಅದಕ್ಕೇ 7 ಕೆಲಸದ ದಿನ. ಆ ಕಂಪನಿ ಹಿಂದೆಂದೂ ಎಲ್‌ಸಿಎ ಹಾಕಿಲ್ಲದಿದ್ದರೆ ಅದರ ತೆರಿಗೆ ಸಂಖ್ಯೆಯ ಪರಿಶೀಲನೆಗೆ ಇನ್ನೂ ಕೆಲವು ದಿನ. ದಾಖಲೆ ಕಲೆಹಾಕಿ, ಸಹಿ ಮಾಡಿಸಿ, ಅರ್ಜಿ ಇಲಾಖೆಗೆ ತಲುಪಬೇಕು. ಅಂಚೆಗೆ ಹಾಕಿದ ದಿನ ಲೆಕ್ಕಕ್ಕಿಲ್ಲ, ತಲುಪಿದ ದಿನವೇ ಲೆಕ್ಕ. ಅಂದರೆ ಆಫರ್ ಪತ್ರ ಸುಮಾರು 40ನೆಯ ದಿನದೊಳಗೆ ಕೈಯಲ್ಲಿದ್ದರೆ ನೆಮ್ಮದಿ, 50ಕ್ಕೆ ಬಂದರೆ ಓಟ. ತಲುಪಿದ ಮೇಲೆ ಚಿಂತೆಯಿಲ್ಲ: ಒಪ್ಪಿಗೆಗೆ ಕಾಯದೆ ಹೊಸ ಕೆಲಸಕ್ಕೆ ಸೇರಬಹುದು. ಕೊನೆಯ ಮೂರು ಪೇ ಸ್ಟಬ್, ಐ-797 (ಇಲಾಖೆಯ ಒಪ್ಪಿಗೆ ನೋಟಿಸ್) ಪ್ರತಿಗಳು, ಡಬ್ಲ್ಯು-2 (ವಾರ್ಷಿಕ ಸಂಬಳ-ತೆರಿಗೆ ಪತ್ರ), ಪದವಿ ಪ್ರಮಾಣಪತ್ರ ಮತ್ತು ಅದರ ಮೌಲ್ಯಮಾಪನ, ಇವನ್ನು ಕಂಪನಿಯ ಲ್ಯಾಪ್‌ಟಾಪ್ ಹಿಂದಿರುಗಿಸುವ ಮೊದಲೇ ಇಳಿಸಿಕೊಂಡಿರಬೇಕು. ಲೇಆಫ್ ಸುದ್ದಿ ಬಂದ ಗಂಟೆಯಲ್ಲೇ ಲಾಗಿನ್ ಮುಚ್ಚುವ ಕಂಪನಿಗಳೂ ಇರುವುದರಿಂದ, ಕೆಲಸ ಇರುವವರು ಈ ಸಾಲು ಓದಿದ ದಿನವೇ ಈ ಕೆಲಸ ಮಾಡಿಕೊಳ್ಳಬಹುದು.

ಅದೇ ಪುಟದಲ್ಲಿ ಕಂಪೆಲಿಂಗ್ ಸರ್ಕಮ್‌ಸ್ಟ್ಯಾನ್ಸಸ್ ಇಎಡಿ ಎಂಬ ಆಯ್ಕೆಯೂ ಇದೆ. ಒಪ್ಪಿಗೆಯಾದ ಐ-140 ಇದ್ದು, ಡೇಟ್ ಕರೆಂಟ್ ಆಗದವರಿಗೆ, ಅಂದರೆ ಸರದಿ ಬಾರದವರಿಗೆ, ಒಂದು ವರ್ಷದ ಮಟ್ಟಿಗೆ ಸಿಗಬಹುದಾದ ಕೆಲಸದ ಪರವಾನಗಿ. ಓದಲು ಆಸೆ ಹುಟ್ಟಿಸುತ್ತದೆ. ಆದರೆ ಕೆಲಸ ಹೋಯಿತು ಎನ್ನುವುದೊಂದೇ ಕಾರಣ ಸಾಲದು. ಗಂಭೀರ ಕಾಯಿಲೆ, ಮಾಲೀಕರ ಸೇಡು, ದೊಡ್ಡ ನಷ್ಟ, ಇಂಥದ್ದನ್ನು ದಾಖಲೆ ಸಮೇತ ತೋರಿಸಬೇಕು. ಆ ಕಾರ್ಡಿನಲ್ಲಿ ಕೆಲಸ ಶುರು ಮಾಡಿದರೆ ಎಚ್-1ಬಿ ಸ್ಟೇಟಸ್ ಮುಗಿದಂತೆ, ಮತ್ತೆ ಅದಕ್ಕೆ ಬರಲು ಸಾಮಾನ್ಯವಾಗಿ ದೇಶದ ಹೊರಗೆ ಹೋಗಿ ಬರಬೇಕು. ಬೇರೆಲ್ಲ ಬಾಗಿಲು ಮುಚ್ಚಿದವರಿಗೆ ಮಾತ್ರ ಇದು.

ಐ-94 ಎಲ್ಲಿದೆ?

ಗ್ರೇಸ್ ಅವಧಿ 60 ದಿನ ಅಥವಾ ಐ-94 (ಎಲ್ಲಿಯವರೆಗೆ ಇರಬಹುದೆಂದು ಹೇಳುವ ಪ್ರವೇಶ ದಾಖಲೆ) ಮುಗಿಯುವ ದಿನ, ಯಾವುದು ಮೊದಲೋ ಅದು. ಇಲ್ಲಿ ಬಹಳಷ್ಟು ಜನ ಎಡವುತ್ತಾರೆ. ಐ-94 ಹುಡುಕಲು ಗಡಿ ಇಲಾಖೆ ಸಿಬಿಪಿಯ ಜಾಲತಾಣಕ್ಕೆ ಹೋಗುತ್ತಾರೆ. ಅಲ್ಲಿ ಸಿಗುವುದು ಕೊನೆಯ ಬಾರಿ ವಿಮಾನ ಇಳಿದಾಗಿನ ದಿನಾಂಕ. ಆಮೇಲೆ ಅಮೆರಿಕದೊಳಗೇ ಎಚ್-1ಬಿ ವಿಸ್ತರಣೆಯಾಗಿದ್ದರೆ ಹೊಸ ಐ-94 ಇರುವುದು ಐ-797ಎ ಕಾಗದದ ಕೆಳಭಾಗದಲ್ಲಿ. ಇದಕ್ಕೆ ತಿರುವುಮುರುವಾಗಿ, ವಿಸ್ತರಣೆಯ ನಂತರ ಊರಿಗೆ ಹೋಗಿ ಬಂದಿದ್ದರೆ ವಿಮಾನ ನಿಲ್ದಾಣದಲ್ಲಿ ಕೊಟ್ಟ ಹೊಸ ದಿನಾಂಕವೇ ನಡೆಯುತ್ತದೆ. ಪಾಸ್‌ಪೋರ್ಟ್ ಅವಧಿ ಕಡಿಮೆಯಿದ್ದರೆ ಆ ದಿನಾಂಕಕ್ಕೇ ಐ-94 ಕತ್ತರಿಸಿ ಕೊಟ್ಟಿರುವ ಸಾಧ್ಯತೆಯೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಕೊನೆಯದಾಗಿ ಕೊಟ್ಟದ್ದು ಎಂದು ನೋಡಿ.

ಕೇಸ್ ಸ್ಟೇಟಸ್

13 ಅಕ್ಷರದ ರಸೀದಿ ಸಂಖ್ಯೆ ಹಾಕಿದರೆ ಅರ್ಜಿಯ ಸ್ಥಿತಿ ತೋರಿಸುವ ಸೇವೆ. ಮೂರು ಅಕ್ಷರ, ಹತ್ತು ಅಂಕೆ. ಎಲ್‌ಐಎನ್ ನೆಬ್ರಾಸ್ಕ, ಎಸ್‌ಆರ್‌ಸಿ ಟೆಕ್ಸಸ್, ಡಬ್ಲ್ಯುಎಸಿ ಕ್ಯಾಲಿಫೋರ್ನಿಯ, ಇಎಸಿ ವರ್ಮಾಂಟ್, ಐಒಇ ಎಂದರೆ ಎಲೆಕ್ಟ್ರಾನಿಕ್ ವ್ಯವಸ್ಥೆ. ಲಾಗಿನ್ ಬೇಡ, ಅರ್ಜಿದಾರರೇ ಆಗಿರಬೇಕೆಂದಿಲ್ಲ. ಈ ಕೊನೆಯ ಗುಣವೇ ನಮಗೆ ಬೇಕಾದ್ದು: ಐ-140ಯ ರಸೀದಿ ಸಂಖ್ಯೆ ಗೊತ್ತಿದ್ದರೆ ಕಂಪನಿಯನ್ನು ಕೇಳದೆಯೇ ವಾರಕ್ಕೊಮ್ಮೆ ಇಣುಕಿ ನೋಡಬಹುದು.

ಕಂಪನಿ ಹಿಂಪಡೆದರೆ, ಹಿಂಪಡೆದದ್ದನ್ನು ಒಪ್ಪಿ ನೋಟಿಸ್ ಕಳುಹಿಸಿದ್ದೇವೆ ಎಂಬ ಅರ್ಥದ ಸಾಲು ಅಲ್ಲಿ ಕಾಣಿಸುತ್ತದೆ. ಕಂಡ ಕೂಡಲೇ ಎಲ್ಲ ಮುಗಿಯಿತೆಂದು ಕುಸಿಯಬೇಡಿ. 180 ದಿನ ಕಳೆದ ಮೇಲೆ ಹಿಂಪಡೆದರೂ ಇದೇ ಸಾಲು ಬರಬಹುದು. ಒಪ್ಪಿಗೆ ಜೀವಂತವಾಗಿದೆಯೇ ಎಂದು ಅದು ಹೇಳುವುದಿಲ್ಲ. ಐ-797ರಲ್ಲಿನ ಒಪ್ಪಿಗೆಯ ದಿನದಿಂದ ಹಿಂಪಡೆದ ದಿನದವರೆಗೆ ನೀವೇ ಎಣಿಸಬೇಕು. ಇಷ್ಟೊಂದು ಬದುಕುಗಳು ತೂಗಾಡುವ ಜಾಗದಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯಲು ಇಲಾಖೆಗೆ ಏನು ಕಷ್ಟವೋ.

ಪರ್ಮ್‌ನವರಿಗೆ ಇದು ಉಪಯೋಗವಿಲ್ಲ. ಅದು ಕಾರ್ಮಿಕ ಇಲಾಖೆಯ ಫ್ಲ್ಯಾಗ್ ಜಾಲತಾಣದಲ್ಲಿರುತ್ತದೆ. 2023ರ ಜೂನ್‌ನಿಂದ ಹಾಕಿದ ಪರ್ಮ್‌ಗಳ ಸಂಖ್ಯೆ ಜಿ-100 ಎಂದು ಆರಂಭವಾಗುತ್ತದೆ. ಸಂಖ್ಯೆಯಿದ್ದರೆ ಅಲ್ಲೂ ಸ್ಥಿತಿ ನೋಡಬಹುದು.

ಫೋಯಾ: ಇಲ್ಲಿ ಹೊತ್ತು ಕಳೆಯಿರಿ

ಐ-140ಯ ಒಪ್ಪಿಗೆ ಪತ್ರ ಹೋಗುವುದು ಕಂಪನಿಗೆ ಮತ್ತು ಕಂಪನಿಯ ವಕೀಲರಿಗೆ. ಕೆಲವರು ಕೇಳಿದ ಕೂಡಲೇ ಪ್ರತಿ ಕೊಡುತ್ತಾರೆ, ಕೆಲವರು ಅದು ಕಂಪನಿಯ ಆಸ್ತಿ ಎನ್ನುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡದ ಪರಿಸ್ಥಿತಿ. ಈ ಪೂಜಾರಿಯನ್ನು ದಾಟಿಕೊಂಡು ಹೋಗುವ ದಾರಿಯೇ ಫೋಯಾ, ಅಂದರೆ ನಮ್ಮ ಮಾಹಿತಿ ಹಕ್ಕಿನಂಥದ್ದೇ ಅಮೆರಿಕದ ಕಾನೂನು. ಯುಎಸ್‌ಸಿಐಎಸ್ ಇದಕ್ಕೆ ಫಸ್ಟ್ ಎಂಬ ಆನ್‌ಲೈನ್ ವ್ಯವಸ್ಥೆ ಮಾಡಿದೆ, ಮತ್ತು ನಮ್ಮ ಅಭಿಪ್ರಾಯದಲ್ಲಿ ಇಲಾಖೆಯ ಆನ್‌ಲೈನ್ ಸೇವೆಗಳಲ್ಲಿ ಅತ್ಯಂತ ಕಡಿಮೆ ಬಳಕೆಯಾಗುವ ಒಳ್ಳೆಯ ಸೇವೆ ಇದೇ.

ಖಾತೆ ತೆರೆದು, ನಿಮ್ಮದೇ ದಾಖಲೆ ಬೇಕೆಂದು ಆರಿಸಿ. ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಲಿ. ಕರ್ನಾಟಕದವರಿಗೆ ಇಲ್ಲೊಂದು ತೊಡಕಿದೆ: ಇನಿಶಿಯಲ್ ಬಿಡಿಸಿ ಬರೆದದ್ದು, ಊರಿನ ಹೆಸರು ಸರ್‌ನೇಮ್ ಆದದ್ದು, ಅಪ್ಪನ ಹೆಸರು ಕೊನೆಗೆ ಸೇರಿದ್ದು, ಹೀಗೆ ಬೇರೆ ಬೇರೆ ಅರ್ಜಿಗಳಲ್ಲಿ ಹೆಸರು ಬೇರೆ ಬೇರೆ ರೂಪದಲ್ಲಿ ಹೋಗಿರುತ್ತದೆ. ಇತರ ಹೆಸರುಗಳ ಜಾಗದಲ್ಲಿ ಆ ಎಲ್ಲ ರೂಪಗಳನ್ನೂ ಹಾಕಿ, ಇಲ್ಲದಿದ್ದರೆ ದಾಖಲೆ ಸಿಗಲಿಲ್ಲ ಎಂಬ ಉತ್ತರ ಬರುವ ಅಪಾಯವಿದೆ. ರಸೀದಿ ಸಂಖ್ಯೆ ಗೊತ್ತಿದ್ದರೆ ಹಾಕಿ. ಎ-ನಂಬರ್ (ವಲಸೆ ಇಲಾಖೆ ವ್ಯಕ್ತಿಗೆ ಕೊಡುವ ಸಂಖ್ಯೆ) ಇದ್ದರೆ ಅದನ್ನೂ ಹಾಕಿ. ಐ-140 ಒಪ್ಪಿಗೆ ಪತ್ರದಲ್ಲಿ ಅಥವಾ ವಿದ್ಯಾರ್ಥಿಯಾಗಿದ್ದಾಗ ಸಿಕ್ಕ ಹಳೆಯ ಓಪಿಟಿ ಇಎಡಿ ಕಾರ್ಡಿನಲ್ಲಿ ಅದು ಇರುತ್ತದೆ.

ಏನು ಬೇಕೆಂದು ಕೇಳುವಾಗ ಇಡೀ ಕಡತ ಎಂದು ಬರೆಯಬೇಡಿ. ಸರಳ ಕೋರಿಕೆಗೆ ಟ್ರ್ಯಾಕ್ 1, ಇಡೀ ಕಡತದಂಥ ದೊಡ್ಡದಕ್ಕೆ ಟ್ರ್ಯಾಕ್ 2, ವಲಸೆ ನ್ಯಾಯಾಲಯದ ದಿನಾಂಕ ನಿಗದಿಯಾದವರಿಗೆ ಟ್ರ್ಯಾಕ್ 3. ಐ-140 ಅರ್ಜಿ, ಅದರ ಒಪ್ಪಿಗೆ ಪತ್ರ, ಜೊತೆಗಿದ್ದ ಪರ್ಮ್ ಫಾರಂ, ಇಷ್ಟನ್ನೇ ಹೆಸರಿಸಿ ಕೇಳಿದರೆ ಮೊದಲನೆಯ ಸಾಲಿನಲ್ಲಿ ನಿಲ್ಲುವ ಅವಕಾಶ ಹೆಚ್ಚು. ಶುಲ್ಕ ಸಾಮಾನ್ಯವಾಗಿ ಬರುವುದಿಲ್ಲ; 25 ಡಾಲರ್‌ವರೆಗೆ ಒಪ್ಪಿಕೊಂಡಿದ್ದೀರಿ ಎಂಬ ಷರತ್ತು ಮಾತ್ರ ಇರುತ್ತದೆ. ಕಾನೂನು ಹೇಳುವ ಗಡುವು 20 ಕೆಲಸದ ದಿನ, ವಿಶೇಷ ಸಂದರ್ಭದಲ್ಲಿ ಇನ್ನೂ 10. ಇದನ್ನು ನೆಚ್ಚಿ 60 ದಿನದ ಲೆಕ್ಕ ಹಾಕಬೇಡಿ, ಅದಕ್ಕಿಂತ ತಡವಾಗುವುದು ಮಾಮೂಲು. ಬರುವ ಪಿಡಿಎಫ್‌ನಲ್ಲಿ ಕಂಪನಿಯ ಹಣಕಾಸಿನ ವಿವರಗಳನ್ನು ಮುಚ್ಚಿರುತ್ತಾರೆ. ಅದು ನಿಮಗೆ ಬೇಕಾಗಿಯೂ ಇಲ್ಲ.

ಬೇಕಾಗಿರುವುದು ಎರಡು. ಮೊದಲನೆಯದು ಪ್ರಯಾರಿಟಿ ಡೇಟ್ ಮುದ್ರಿತವಾಗಿರುವ ಒಪ್ಪಿಗೆಯ ಪುರಾವೆ. ಹೊಸ ಕಂಪನಿ ಮತ್ತೆ ಪರ್ಮ್ ಮಾಡಿ ಐ-140 ಹಾಕುವಾಗ ಹಳೆಯ ಡೇಟ್ ಕೇಳುವುದು ಇದನ್ನು ಲಗತ್ತಿಸಿಯೇ. ಎರಡನೆಯದು ಪರ್ಮ್‌ನಲ್ಲಿ ಬರೆದ ಹುದ್ದೆಯ ವಿವರ ಮತ್ತು ಎಸ್‌ಒಸಿ ಕೋಡ್ (ಸರ್ಕಾರದ ಉದ್ಯೋಗ ವರ್ಗೀಕರಣದ ಸಂಖ್ಯೆ). ಮುಂದೆ ಗ್ರೀನ್ ಕಾರ್ಡಿನ ಕೊನೆಯ ಅರ್ಜಿಯಾದ ಐ-485ರ ಹಂತದಲ್ಲಿ ಕೆಲಸ ಬದಲಿಸುವಾಗ ಹೊಸ ಹುದ್ದೆಯನ್ನು ಹೋಲಿಸುವುದು ಇದರ ಜೊತೆಗೇ. ಹೊಸ ಪರ್ಮ್‌ಗೆ ಬೆಂಗಳೂರಿನ ಹಳೆಯ ಕಂಪನಿಗಳ ಅನುಭವ ಪತ್ರ ಮತ್ತೆ ಬೇಕಾಗುತ್ತದೆ ಎಂಬುದೂ ನೆನಪಿರಲಿ. ಆ ಪತ್ರಗಳು ಹಳೆಯ ಕಡತದಲ್ಲೇ ಇರುತ್ತವೆ, ಫೋಯಾ ಕೋರಿಕೆಯಲ್ಲಿ ಲಗತ್ತುಗಳನ್ನೂ ಸೇರಿಸಿ. ಮುಚ್ಚಿಹೋದ ಕಂಪನಿಯ ಮ್ಯಾನೇಜರನ್ನು ಹತ್ತು ವರ್ಷದ ಮೇಲೆ ಹುಡುಕಿಕೊಂಡು ಹೋಗುವ ಪಾಡು ತಪ್ಪುತ್ತದೆ.

ಐ-539 ಆನ್‌ಲೈನ್

ಹೊಸ ಕೆಲಸ ಸಿಗದೆ ದಿನ ಸರಿಯುತ್ತಿದ್ದರೆ ಹಾಕಬೇಕಾದ ಅರ್ಜಿ ಇದು: ಎಚ್-4 (ಎಚ್-1ಬಿಯವರ ಸಂಗಾತಿ, ಮಕ್ಕಳು), ಬಿ-2 (ಪ್ರವಾಸಿ) ಅಥವಾ ಎಫ್-1 (ವಿದ್ಯಾರ್ಥಿ) ವರ್ಗಕ್ಕೆ ಬದಲಾವಣೆ. ಕಾಗದದಲ್ಲಿ 470 ಡಾಲರ್, ಆನ್‌ಲೈನ್‌ನಲ್ಲಿ 420. 2024ರ ಏಪ್ರಿಲ್‌ನಿಂದ ಇದೇ ದರ. ಸಂಗಾತಿ, ಮಕ್ಕಳನ್ನು ಒಂದೇ ಅರ್ಜಿಯಲ್ಲಿ ಸೇರಿಸಬಹುದು, ಶುಲ್ಕ ಒಂದೇ. ಬಯೋಮೆಟ್ರಿಕ್ ಶುಲ್ಕವನ್ನು 2023ರ ಅಕ್ಟೋಬರ್‌ನಲ್ಲೇ ತೆಗೆದಿದ್ದಾರೆ.

50 ಡಾಲರ್ ಉಳಿತಾಯಕ್ಕಿಂತ ದೊಡ್ಡ ಲಾಭ ಬೇರೆ. ಆನ್‌ಲೈನ್‌ನಲ್ಲಿ ಹಣ ಕಟ್ಟಿದ ಕೂಡಲೇ ರಸೀದಿ, ಅಂದೇ ದಾಖಲಾದ ದಿನಾಂಕ. 58ನೆಯ ದಿನ ಹಾಕಿದರೂ ಒಳಗೇ. ಕಾಗದದ ಕಟ್ಟು ತಪ್ಪು ವಿಳಾಸಕ್ಕೆ ಹೋದರೆ, ಸಹಿ ಬಿಟ್ಟುಹೋದರೆ, ಶುಲ್ಕದಲ್ಲಿ ವ್ಯತ್ಯಾಸವಾದರೆ ಅದು ಹಿಂದಿರುಗುವ ಹೊತ್ತಿಗೆ ಗ್ರೇಸ್ ಅವಧಿಯೇ ಮುಗಿದಿರುತ್ತದೆ. 2025ರ ಅಕ್ಟೋಬರ್ 28ರ ನಂತರ ಚೆಕ್ ಕೂಡ ನಡೆಯುವುದಿಲ್ಲ. ಕಾಗದದ ಅರ್ಜಿಗೆ ಕಾರ್ಡಿನಿಂದ ಕಟ್ಟಲು ಜಿ-1450, ಬ್ಯಾಂಕ್ ಖಾತೆಯಿಂದ ಕಟ್ಟಲು ಜಿ-1650 ಲಗತ್ತಿಸಬೇಕು.

ಸಂಗಾತಿ ತಮ್ಮದೇ ಎಚ್-1ಬಿಯಲ್ಲಿದ್ದರೆ ಯೋಚನೆಯೇ ಬೇಡ, ಎಚ್-4 ಹಾಕಿ. ಅವರಿಗೆ ಒಪ್ಪಿಗೆಯಾದ ಐ-140 ಇದ್ದರೆ ಎಚ್-4 ಇಎಡಿಗೂ ಅರ್ಹತೆ ಬರುತ್ತದೆ. ಮದುವೆಯ ಪ್ರಮಾಣಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ನೋಟರಿ ಬೇಕಿಲ್ಲ, ಎರಡೂ ಭಾಷೆ ಬಲ್ಲವರೊಬ್ಬರು ಅನುವಾದಿಸಿ, ಇದು ಪೂರ್ಣ ಮತ್ತು ನಿಖರ, ಅನುವಾದಿಸುವ ಸಾಮರ್ಥ್ಯ ನನಗಿದೆ ಎಂದು ಬರೆದು ಸಹಿ ಹಾಕಿದರೆ ಸಾಕು. ಸ್ನೇಹಿತರಾದರೂ ನಡೆಯುತ್ತದೆ, ಅರ್ಜಿಯ ಫಲ ಪಡೆಯುವವರೇ ಮಾಡದಿದ್ದರೆ ಒಳ್ಳೆಯದು.

ಬಿ-2 ಹಾಕುವವರು ಎರಡು ವಿಷಯದಲ್ಲಿ ಎಚ್ಚರವಾಗಿರಬೇಕು. ನಿಮಗಾಗಿ ಯಾರಾದರೂ ಇಮಿಗ್ರೆಂಟ್ ಪೆಟಿಷನ್ ಹಾಕಿದ್ದಾರೆಯೇ ಎಂದು ಫಾರಂ ಕೇಳುತ್ತದೆ. ಐ-140 ಆಗಿದ್ದರೆ ಉತ್ತರ ಹೌದು. ಬಿ-2ನಲ್ಲಿ ವಾಪಸ್ ಹೋಗುವ ಉದ್ದೇಶ ತೋರಿಸಬೇಕಲ್ಲ ಎಂದು ಇಲ್ಲ ಎಂದು ಗುರುತು ಹಾಕುವವರಿದ್ದಾರೆ. ಅರ್ಜಿ ತಿರಸ್ಕಾರವಾದರೆ ದಾರಿ ಮತ್ತೆ ಹುಡುಕಬಹುದು, ಸುಳ್ಳು ಹೇಳಿದ ದಾಖಲೆ ಗ್ರೀನ್ ಕಾರ್ಡ್ ಸಂದರ್ಶನದವರೆಗೂ ಹಿಂಬಾಲಿಸುತ್ತದೆ. ಹೌದು ಎಂದು ಹೇಳಿ, ಎಷ್ಟು ತಿಂಗಳು, ಯಾಕೆ ಇರಬೇಕು (ಮನೆ ಖಾಲಿ ಮಾಡುವುದು, ಮಕ್ಕಳ ಶಾಲಾ ವರ್ಷ ಮುಗಿಯುವುದು), ಖರ್ಚಿಗೆ ಬ್ಯಾಂಕಿನಲ್ಲಿ ಎಷ್ಟಿದೆ, ಆಮೇಲೆ ಎಲ್ಲಿಗೆ ಎಂದು ಒಂದು ಪುಟದ ವಿವರಣೆ ಕೊಡಿ.

ಎರಡನೆಯದು, ಬಿ-2 ಅರ್ಜಿ ಹಾಕಿ 60 ದಿನ ದಾಟಿದ ಮೇಲೆ ಕೆಲಸ ಸಿಕ್ಕರೆ, ಹೊಸ ಎಚ್-1ಬಿ ರಸೀದಿ ಬಂದ ದಿನ ಸೇರುವಂತಿಲ್ಲ. ಎಚ್-1ಬಿಗೆ ಬದಲಾವಣೆ ಒಪ್ಪಿಗೆಯಾಗಿ ಜಾರಿಗೆ ಬರಬೇಕು. ಬಿ-2 ತಿರಸ್ಕಾರವಾದರೆ ಅದರ ಆಸರೆಯಲ್ಲಿ ಕೇಳಿದ ಬದಲಾವಣೆಯೂ ಬೀಳುತ್ತದೆ. ಹಿಂದೆ ಹೀಗಾದರೆ ಚೆನ್ನೈಗೆ ಹೋಗಿ ಪಾಸ್‌ಪೋರ್ಟ್‌ಗೆ ವೀಸಾ ಸ್ಟ್ಯಾಂಪಿಂಗ್ ಮಾಡಿಸಿ ಬರುವುದಷ್ಟೇ ಶಿಕ್ಷೆ. ಈಗ ಹಾಗಲ್ಲ, ಅದನ್ನು ಮುಂದೆ ನೋಡೋಣ.

ಐ-485 ಹಾಕಿದವರಿಗೆ

ಇವರ ಪಾಲಿಗೆ ಜಾಲತಾಣ ಸ್ವಲ್ಪ ಸೌಮ್ಯ, ಅರ್ಜಿ ಇವರದೇ ಹೆಸರಿನಲ್ಲಿರುವುದರಿಂದ ಖಾತೆಯಲ್ಲಿ ನೋಟಿಸ್‌ಗಳೂ ಕಾಣುತ್ತವೆ. 60 ದಿನದ ಭಯವೂ ಇಲ್ಲ. ಐ-485 ಬಾಕಿಯಿರುವಷ್ಟು ದಿನ ಇಲ್ಲಿರಲು ಅವಕಾಶವಿದೆ. ಅದು ಹಾಕಿ 180 ದಿನ ಕಳೆದಿದ್ದರೆ ಅದೇ ಅಥವಾ ಅದಕ್ಕೆ ಹತ್ತಿರದ ಕೆಲಸಕ್ಕೆ ಬದಲಾಗಬಹುದು. 2000ದ ಎಸಿ21 ಕಾಯ್ದೆ ಕೊಟ್ಟ ಹಕ್ಕು. ಹೊಸ ಕಂಪನಿಯ ಸಹಿಯೊಂದಿಗೆ ಸಪ್ಲಿಮೆಂಟ್ ಜೆ (ಹೊಸ ಕೆಲಸವನ್ನು ದೃಢಪಡಿಸುವ ಐ-485ರ ಪೂರಕ ಫಾರಂ) ಕಳುಹಿಸಬೇಕು, ಶುಲ್ಕವಿಲ್ಲ. ಹುದ್ದೆಯ ಹೆಸರಿಗಿಂತ ಕೆಲಸದ ವಿವರ ಮುಖ್ಯ.

ಎಡವುವುದು ಪ್ರಯಾಣದಲ್ಲಿ. ಎಚ್-1ಬಿ ಕೆಲಸದಲ್ಲಿದ್ದಾಗ ಅಡ್ವಾನ್ಸ್ ಪೆರೋಲ್ (ಹೋಗಿ ಬರಲು ಮುಂಚೆಯೇ ಪಡೆಯುವ ಅನುಮತಿ) ಇಲ್ಲದೆಯೂ ಊರಿಗೆ ಹೋಗಿ ಎಚ್-1ಬಿ ವೀಸಾದಲ್ಲಿ ಬರಬಹುದಿತ್ತು. ಕೆಲಸ ಹೋದ ಮೇಲೆ ಆ ವಿನಾಯಿತಿ ಇಲ್ಲ. ಪೆರೋಲ್ ಕೈಯಲ್ಲಿಲ್ಲದೆ ವಿಮಾನ ಹತ್ತಿದರೆ ಐ-485 ಬಿಟ್ಟುಕೊಟ್ಟಂತೆ. ಇನ್ನೊಂದು ಇಎಡಿ. 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ನವೀಕರಣಗಳಿಗೆ ಹಿಂದಿನ 540 ದಿನದ ಸ್ವಯಂ ವಿಸ್ತರಣೆ ಇಲ್ಲ, ಡಿಸೆಂಬರ್ 5ರಿಂದ ಐ-485 ಆಧಾರದ ಕಾರ್ಡಿನ ಗರಿಷ್ಠ ಅವಧಿ 5 ವರ್ಷದಿಂದ 18 ತಿಂಗಳಿಗೆ ಇಳಿದಿದೆ. ಎಚ್-1ಬಿ ಬಿಟ್ಟು ಇಎಡಿಯಲ್ಲೇ ಹೊಸ ಕೆಲಸಕ್ಕೆ ಸೇರುವವರು ನವೀಕರಣವನ್ನು ಮುಗಿಯಲು 180 ದಿನ ಇರುವಾಗಲೇ ಹಾಕಿಬಿಡಬೇಕು. ಮನೆ ಬದಲಿಸಿದರೆ 10 ದಿನದೊಳಗೆ ಖಾತೆಯಲ್ಲೇ ವಿಳಾಸ ಬದಲಿಸಿ. ಈ ಸೌಲಭ್ಯ ಚೆನ್ನಾಗಿದೆ.

ಫೋನು ಮತ್ತು ಎಮ್ಮಾ

ಎಮ್ಮಾ ಪುಟಗಳ ಕೊಂಡಿ ಕೊಡುತ್ತಾಳೆ, ಅಷ್ಟೇ. ಫೋನಿನ ಯಂತ್ರದಿಂದ ಮನುಷ್ಯರವರೆಗೆ ತಲುಪಿದರೂ ಮೊದಲ ಸುತ್ತಿನಲ್ಲಿ ಮಾತನಾಡುವವರು ನಿಮ್ಮ ಪರದೆಯಲ್ಲಿ ಕಾಣುವುದನ್ನೇ ಓದಿ ಹೇಳುತ್ತಾರೆ. ಐ-140ಯ ಬಗ್ಗೆ ಕೇಳಿದರೆ ನೀವು ಅರ್ಜಿದಾರರಲ್ಲ ಎಂಬ ಉತ್ತರ. ಕಾರ್ಡು ಅಂಚೆಯಲ್ಲಿ ಕಳೆದುಹೋದಾಗ, ನೋಟಿಸಿನಲ್ಲಿ ಹೆಸರು ತಪ್ಪಾದಾಗ ಉಪಯೋಗ. ಕಾನೂನಿನ ಪ್ರಶ್ನೆಗೆ ಸ್ವಂತ ವಕೀಲರನ್ನು ಒಂದು ಗಂಟೆಗಾದರೂ ದುಡ್ಡು ಕೊಟ್ಟು ಕಾಣಿ. ಕಂಪನಿಯ ವಕೀಲರು ಎಷ್ಟೇ ಒಳ್ಳೆಯವರಾದರೂ ಈ ಹೊತ್ತಿನಲ್ಲಿ ಅವರಿಗೆ ಕಂಪನಿಯ ಹಿತವನ್ನೂ ಕಾಯುವ ಹೊಣೆಯಿದೆ. ಮುಂದಿನ ಕಂಪನಿಯಲ್ಲಿ ಪರ್ಮ್ ಖರ್ಚನ್ನು ನೀವೇ ಕೊಡಿ ಎಂದರೆ ಒಪ್ಪಬೇಡಿ. 2007ರಿಂದ ಅದನ್ನು ನೌಕರರಿಂದ ವಸೂಲಿ ಮಾಡುವಂತಿಲ್ಲ.

ಬೆಂಗಳೂರಿಗೆ ಹೊರಡುವುದಾದರೆ

ಅವಧಿಗೆ ಮುಂಚೆ ಕೆಲಸದಿಂದ ತೆಗೆದ ಕಂಪನಿ, ಎಚ್-1ಬಿ ನೌಕರ ಊರಿಗೆ ಮರಳುವ ಪ್ರಯಾಣದ ನ್ಯಾಯವಾದ ಖರ್ಚು ಕೊಡಬೇಕೆಂಬ ನಿಯಮವಿದೆ. ಕುಟುಂಬದವರ ಟಿಕೆಟ್ ಇದರಲ್ಲಿ ಬರುವುದಿಲ್ಲ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಊರಿಗೆ ಹೋದರೂ ಉಳಿದ ಐ-140 ಉಳಿದೇ ಇರುತ್ತದೆ. ಆದರೆ ಹಿಂದಿರುಗುವ ದಾರಿಯ ಲೆಕ್ಕ 2025ರ ಸೆಪ್ಟೆಂಬರ್ 21ರಿಂದ ಬದಲಾಗಿದೆ. ಅಂದು ಜಾರಿಯಾದ ಅಧ್ಯಕ್ಷೀಯ ಘೋಷಣೆಯಂತೆ, ಅಮೆರಿಕದ ಹೊರಗಿದ್ದು ಚಾಲ್ತಿಯಲ್ಲಿರುವ ಎಚ್-1ಬಿ ವೀಸಾ ಇಲ್ಲದವರಿಗೆ ಹೊಸ ಅರ್ಜಿ ಹಾಕುವ ಕಂಪನಿ 1,00,000 ಡಾಲರ್ ಕಟ್ಟಬೇಕು. ಒಳಗಿದ್ದುಕೊಂಡು ಕಂಪನಿ ಅಥವಾ ಸ್ಟೇಟಸ್ ಬದಲಿಸುವವರಿಗೆ ಇದು ಇಲ್ಲ. ಆದರೆ ಸ್ಟೇಟಸ್ ಕಳೆದುಕೊಂಡಿದ್ದರಿಂದ ಆ ಬದಲಾವಣೆ ತಿರಸ್ಕಾರವಾದರೆ ಇದು ಬಂದು ಕೂರುತ್ತದೆ. ಹಾಗಾಗಿ ಹೊರಡುವ ಮೊದಲು ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಸ್ಟ್ಯಾಂಪಿನ ದಿನಾಂಕ ನೋಡಿಕೊಳ್ಳಿ. ಇನ್ನೂ ಅವಧಿಯಿದ್ದರೆ ಆ ಒಂದು ಪುಟಕ್ಕೆ ದೊಡ್ಡ ಬೆಲೆಯಿದೆ. ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಅದು ವೀಸಾ ಸೇವೆಯೊಂದಿಗೆ ಶುರುವಾಗಲಿಲ್ಲ. ಸ್ಟ್ಯಾಂಪಿಂಗ್ ಯೋಜನೆಯನ್ನು ಚೆನ್ನೈ, ಹೈದರಾಬಾದ್ ಲೆಕ್ಕದಲ್ಲೇ ಹಾಕಿ.

ಅಮೆರಿಕದ ಮೊಬೈಲ್ ಸಂಖ್ಯೆಯನ್ನು ರದ್ದು ಮಾಡಿಸುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಯುಎಸ್‌ಸಿಐಎಸ್ ಖಾತೆಗೆ ಲಾಗಿನ್ ಆಗುವಾಗಲೆಲ್ಲ ಎರಡನೆಯ ಹಂತದ ಕೋಡ್ ಬರುತ್ತದೆ, ಬಹಳ ಜನ ಅದನ್ನು ಎಸ್‌ಎಂಎಸ್‌ಗೆ ಇಟ್ಟಿರುತ್ತಾರೆ. ಸಂಖ್ಯೆ ಹೋದರೆ ಖಾತೆಯೂ ಹೋಯಿತು, ಒಳಗಿರುವ ಫೋಯಾ ದಾಖಲೆಗಳೂ ಐ-539 ರಸೀದಿಯೂ ಕೈಗೆಟುಕವು. ಸೆಟ್ಟಿಂಗ್ಸ್‌ಗೆ ಹೋಗಿ ಕೋಡ್ ಇಮೇಲ್‌ಗೆ ಅಥವಾ ಆಥೆಂಟಿಕೇಟರ್ ಆ್ಯಪ್‌ಗೆ ಬರುವಂತೆ ಬದಲಿಸಿ, ಬ್ಯಾಕಪ್ ಕೋಡನ್ನು ಬರೆದಿಟ್ಟುಕೊಳ್ಳಿ, ಖಾತೆಯ ಇಮೇಲ್ ಕಂಪನಿಯದಾಗಿದ್ದರೆ ಅದನ್ನು ಕೊನೆಯ ಕೆಲಸದ ದಿನಕ್ಕಿಂತ ಮುಂಚೆಯೇ ಸ್ವಂತದ್ದಕ್ಕೆ ಬದಲಿಸಿ.